ಕ್ಯೂಆರ್ ಕೋಡ್ ಎಲ್ಲ ಕಡೆ ಅಂಟಿಸಿದ್ದೇನೆ, ಸ್ಕ್ಯಾನ್ ಮಾಡುವವರೇ ಇಲ್ಲ!

ಪ್ರಶ್ನೆ: ನಮ್ಮದು ಗಿಡಗಳ ನರ್ಸರಿ. ಮೂರು ತಿಂಗಳ ಹಿಂದೆ ಒಂದು ವೆಬ್‌ಸೈಟ್ ಮಾಡಿಸಿದೆ. ಅದರ ಕ್ಯೂಆರ್ ಕೋಡನ್ನು ಗೇಟಿನ ಬೋರ್ಡು, ವಿಸಿಟಿಂಗ್ ಕಾರ್ಡು, ಕುಂಡಗಳ ಲೇಬಲ್ಲು, ಇನ್‌ಸ್ಟಾಗ್ರಾಂ ಪೋಸ್ಟು ಎಲ್ಲದರಲ್ಲೂ ಹಾಕಿಸಿದ್ದೇನೆ. ನರ್ಸರಿಯ ಹಸಿರು ಬಣ್ಣದಲ್ಲೇ ಮಾಡಿಸಿ, ನಡುವೆ ಲೋಗೋ ಇಡಿಸಿದ್ದೇನೆ. ಆದರೆ ಸ್ಕ್ಯಾನ್ ಮಾಡುವವರು ಬೆರಳೆಣಿಕೆಯಷ್ಟು ಜನ. ಈಗ ಕೋಡ್ ಮಾಡಿಕೊಟ್ಟ ಸೈಟಿನವರು 'ಉಚಿತ ಅವಧಿ ಮುಗಿಯುತ್ತಿದೆ, ಹಣ ಕಟ್ಟದಿದ್ದರೆ ಕೋಡ್ ನಿಲ್ಲುತ್ತದೆ' ಎಂದು ಮೇಲ್ ಕಳಿಸಿದ್ದಾರೆ. ಕೋಡಿಗೂ ಎಕ್ಸ್‌ಪೈರಿ ಇರುತ್ತದಾ ಸರ್? ಡೈನಾಮಿಕ್ ಕೋಡ್ ಬೇಕೇ ಬೇಕಾ? ಇದರಿಂದ ವ್ಯಾಪಾರ ನಿಜವಾಗಿ ಜಾಸ್ತಿ ಆಗುತ್ತದಾ, ಇಲ್ಲಾ ಬರೀ ಫ್ಯಾಷನ್ನಾ?

ಉತ್ತರ: ಆ ಸೈಟಿನವರು ಕಳಿಸಿದ ಇ-ಮೇಲ್‌ನಿಂದಲೇ ಶುರು ಮಾಡೋಣ. ಉಳಿದದ್ದಕ್ಕೆಲ್ಲ ಟೈಮ್ ಇದೆ, ಅದಕ್ಕೆ ಗಡುವಿದೆ.

ನಿಮ್ಮ ಕೋಡನ್ನು ನಿಮ್ಮದೇ ಫೋನಿನ ಕ್ಯಾಮೆರಾದಲ್ಲಿ ಹಿಡಿಯಿರಿ. ತೆರೆಯಬೇಡಿ, ಸುಮ್ನೆ ಹಿಡಿದು ನೋಡಿ. ಪರದೆಯ ಮೇಲೆ ಸಣ್ಣದಾಗಿ ಒಂದು ಲಿಂಕ್ ಕಾಣಿಸುತ್ತದೆ. ಅಲ್ಲಿ ನಿಮ್ಮ ವೆಬ್‌ಸೈಟಿನ ಹೆಸರೇ ಇದ್ದರೆ ಮೇಲನ್ನು ಡಿಲೀಟ್ ಮಾಡಿ, ಆರಾಮಾಗಿರಿ. ಅದು ಸ್ಟ್ಯಾಟಿಕ್ ಕೋಡ್. ನಿಮ್ಮ ಲಿಂಕಿನ ಅಕ್ಷರಗಳೇ ಅಲ್ಲಿ ಕಪ್ಪು-ಬಿಳಿ ಮನೆಗಳಾಗಿ ಕೂತಿವೆ. ಅದನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ. ಯಾವುದೋ ಗುರುತಿಲ್ಲದ ಚಿಕ್ಕ ಹೆಸರು ಕಂಡರೆ ಮಾತ್ರ ಅದು ಡೈನಾಮಿಕ್. ಅಂದರೆ ನಿಮ್ಮ ಗಿರಾಕಿ ಮೊದಲು ಅವರ ಮನೆಗೆ ಹೋಗಿ, ಅಲ್ಲಿಂದ ನಿಮ್ಮ ಮನೆಗೆ ಬರುತ್ತಿದ್ದಾರೆ. ಅವರು ಬಾಗಿಲು ಹಾಕಿಕೊಂಡರೆ ನೀವು ಪ್ರಿಂಟ್ ಹಾಕಿಸಿದ ಲೇಬಲ್ಲು, ಕಾರ್ಡು, ಬೋರ್ಡು ಅಷ್ಟೂ ರದ್ದಿ.

ಕೋಡಿಗೆ ಎಕ್ಸ್‌ಪೈರಿ ಅನ್ನುವುದೇ ಇಲ್ಲ. ಇದು ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ. ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ ಉದ್ದ ಗೆರೆಗಳ ಬಾರ್‌ಕೋಡ್ ಸಾಲದೆ ಬಂದಾಗ ಮಾಸಾಹಿರೊ ಹಾರಾ ಮತ್ತು ಅವರ ತಂಡ ಇದನ್ನು ಮಾಡಿತು. ಕಪ್ಪು-ಬಿಳಿ ಕಾಯಿಗಳ ಗೋ ಆಟದ ಮಣೆ ನೋಡಿ ಹಾರಾ ಅವರಿಗೆ ಈ ಐಡಿಯಾ ಬಂತಂತೆ. ಪೇಟೆಂಟ್ ಅವರದೇ ಆದರೂ, ನಿಯಮದಂತೆ ಬಳಸುವವರ ಮೇಲೆ ಅದನ್ನು ಚಲಾಯಿಸುವುದಿಲ್ಲ ಎಂದು ಕಂಪನಿ ಬಿಟ್ಟುಬಿಟ್ಟಿತು. 2000ದಲ್ಲಿ ಐಎಸ್‌ಒ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಆಯಿತು. ಹಾಗಾಗಿ ಕೋಡ್ ಮಾಡುವುದಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ನಿಮ್ಮ ಹತ್ತಿರ ಅವರು ಹಣ ಕೇಳುತ್ತಿರುವುದು ಕೋಡಿಗಲ್ಲ, ದಾರಿ ತಿರುಗಿಸುವ ಸೇವೆಗೆ.

ಆ ಸೇವೆ ಕೆಲಸಕ್ಕೆ ಬಾರದ್ದು ಅಂತಲ್ಲ. ಪ್ರಿಂಟ್ ಆದ ಮೇಲೂ ಲಿಂಕ್ ಬದಲಿಸಬಹುದು, ಎಷ್ಟು ಸ್ಕ್ಯಾನ್ ಆಯಿತು ಅಂತ ಎಣಿಸಬಹುದು. ಈ ಎರಡೂ ಬಹಳ ಮುಖ್ಯ. ಆದರೆ ಎರಡನ್ನೂ ನಿಮ್ಮ ಸ್ವಂತ ವೆಬ್‌ಸೈಟಿನಲ್ಲೇ ಮಾಡಿಕೊಳ್ಳಬಹುದಲ್ವಾ? ನಿಮ್ಮ ಡೊಮೇನ್ ಹೆಸರು (ಅಂದರೆ ವೆಬ್‌ಸೈಟಿನ ವಿಳಾಸ), ಆಮೇಲೆ ಒಂದು ಓರೆಗೆರೆ, ಆಮೇಲೆ ಒಂದೆರಡು ಅಕ್ಷರ. ಗೇಟಿಗೆ ಒಂದು, ಪ್ರತಿ ಗಿಡಕ್ಕೆ ಒಂದೊಂದು. ಆ ಚಿಕ್ಕ ಲಿಂಕು ತೆರೆದ ಕೂಡಲೇ ಬೇಕಾದ ಪುಟಕ್ಕೆ ತಿರುಗಿಸುವ ಹಾಗೆ ಸೆಟ್ ಮಾಡಿ. ಇದನ್ನು ರೀಡೈರೆಕ್ಟ್ ಅನ್ನುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿದರೆ ಅರ್ಧ ಗಂಟೆಯ ಕೆಲಸ. ಒಂದು ಮಾತು ಮಾತ್ರ ಒತ್ತಿ ಹೇಳಿ: 302, ಅಂದರೆ ತಾತ್ಕಾಲಿಕ ರೀಡೈರೆಕ್ಟ್ ಹಾಕಿ, 301 ಬೇಡ. 301 ಅಂದರೆ 'ಶಾಶ್ವತವಾಗಿ ಮನೆ ಬದಲಾಗಿದೆ' ಎಂದು ಬ್ರೌಸರಿಗೆ ಹೇಳಿದ ಹಾಗೆ. ಅದು ನೆನಪಿಟ್ಟುಕೊಂಡು ಮುಂದಿನ ಸಲ ನಿಮ್ಮನ್ನು ಕೇಳದೆ ನೇರ ಹಳೆಯ ಜಾಗಕ್ಕೇ ಹೋಗಬಹುದು. ನೀವು ಪುಟ ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ನಿಮ್ಮ ಲೆಕ್ಕಕ್ಕೂ ಆ ಸ್ಕ್ಯಾನ್ ಸಿಗುವುದಿಲ್ಲ.

ಈಗಿನ ಮಟ್ಟಿಗೆ, ಆ ಕೋಡ್ ಹೊತ್ತ ಕಾರ್ಡು, ಲೇಬಲ್ಲು ಆಗಲೇ ಜನರ ಕೈ ಸೇರಿದ್ದರೆ ಅತಿ ಚಿಕ್ಕ ಅವಧಿಗೆ ಹಣ ಕಟ್ಟಿ. ಅಷ್ಟರಲ್ಲಿ ಹೊಸ ಕೋಡ್ ಪ್ರಿಂಟ್ ಹಾಕಿಸಿ, ಹೊರಗೆ ಬನ್ನಿ. ನರ್ಸರಿಯಲ್ಲೇ ಇರುವ ಲೇಬಲ್ಲುಗಳಾದರೆ ಕಟ್ಟಲೇಬೇಡಿ, ಕಿತ್ತು ಹಾಕಿ.

ಸ್ವಂತ ಡೊಮೇನ್ ಆದರೂ ವರ್ಷ ವರ್ಷ ರಿನ್ಯೂ ಮಾಡಿಸುವುದನ್ನು ಮರೆಯಬಾರದು. ಹೈನ್ಜ್‌ನಂಥ ದೊಡ್ಡ ಕಂಪನಿಯೇ ಇಲ್ಲಿ ಎಡವಿತ್ತು. ಕೆಚಪ್ ಬಾಟಲಿಯ ಮೇಲೆ ಒಂದು ಸ್ಪರ್ಧೆಯ ಕೋಡ್ ಹಾಕಿದ್ದರು. ಸ್ಪರ್ಧೆ ಮುಗಿಯಿತು, ಆ ಡೊಮೇನನ್ನು ಕೈಬಿಟ್ಟರು. 2015ರಲ್ಲಿ ಜರ್ಮನಿಯ ಗ್ರಾಹಕರೊಬ್ಬರು ಮನೆಯಲ್ಲಿದ್ದ ಬಾಟಲಿ ಸ್ಕ್ಯಾನ್ ಮಾಡಿದರೆ ಅಶ್ಲೀಲ ಸೈಟ್ ತೆರೆದುಕೊಂಡಿತು! ಖಾಲಿಯಾದ ಹೆಸರನ್ನು ಬೇರೆಯವರು ಕೊಂಡಿದ್ದರು. ಕಂಪನಿ ಕ್ಷಮೆ ಕೇಳಬೇಕಾಯಿತು. ಬಾಟಲಿ ಖಾಲಿಯಾಗುವುದಕ್ಕಿಂತ ಮೊದಲೇ ಲಿಂಕ್ ಸತ್ತುಹೋಗಿತ್ತು, ಅಷ್ಟೇ. ನಿಮ್ಮ ಗಿಡವಂತೂ ಬಾಟಲಿಗಿಂತ ಹೆಚ್ಚು ವರ್ಷ ಬದುಕುತ್ತದೆ.

ಇನ್ನು ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಯಾರೂ ಯಾಕೆ ಸ್ಕ್ಯಾನ್ ಮಾಡುತ್ತಿಲ್ಲ?

ಕೋಡ್ ಪ್ರಚಾರ ಮಾಡುವುದಿಲ್ಲ. ಅದು ಮಾಡುವುದು ಒಂದೇ ಕೆಲಸ. ಬೆರಳಲ್ಲಿ ಟೈಪ್ ಮಾಡುವ ತೊಂದರೆ ತಪ್ಪಿಸುತ್ತದೆ. ಟೈಪ್ ಮಾಡಿಯಾದರೂ ನೋಡಬೇಕು ಅನ್ನಿಸುವಂಥದ್ದು ಆ ಕಡೆ ಇದ್ದರೆ ಮಾತ್ರ ಜನ ಫೋನ್ ತೆಗೆಯುತ್ತಾರೆ. ನೀವು ನಾಲ್ಕು ಕಡೆ ಒಂದೇ ಕೋಡ್ ಹಾಕಿದ್ದೀರಿ, ನಾಲ್ಕೂ ಹೋಮ್‌ಪೇಜಿಗೆ ಹೋಗುತ್ತವೆ. ಆದರೆ ಆ ನಾಲ್ಕು ಕಡೆ ನಿಂತಿರುವವರು ಒಬ್ಬರೇ ಅಲ್ಲ.

ಕುಂಡದ ಮುಂದೆ ಬಗ್ಗಿ ನಿಂತವರನ್ನು ಒಮ್ಮೆ ನೆನೆಸಿಕೊಳ್ಳಿ. ಒಂದು ಕೈಯಲ್ಲಿ ಚೀಲ. ಗಿಡ ಚೆನ್ನಾಗಿದೆ, ಆದರೆ ಮನಸ್ಸಿನಲ್ಲಿ ಅಳುಕು: 'ಮನೆಗೆ ಒಯ್ದರೆ ಉಳಿಯುತ್ತಾ? ನಮ್ಮ ಬಾಲ್ಕನಿಯಲ್ಲಿ ಬಿಸಿಲು ಕಮ್ಮಿ, ನಡೆಯುತ್ತಾ? ವಾರಕ್ಕೆ ಎಷ್ಟು ಸಲ ನೀರು? ಬೆಕ್ಕು ಎಲೆ ತಿಂದರೆ ಏನಾದರೂ ಆಗುತ್ತಾ?' ಆ ಹೊತ್ತಲ್ಲಿ ಅವರು ಸ್ಕ್ಯಾನ್ ಮಾಡಿದರೆ 'ನಮ್ಮ ನರ್ಸರಿಗೆ ಸ್ವಾಗತ' ಎಂದು ದೊಡ್ಡ ಫೋಟೋ ತೆರೆದುಕೊಳ್ಳುತ್ತದೆ. ಅವರು ನರ್ಸರಿಯ ಒಳಗೇ ನಿಂತಿದ್ದಾರೆ, ಸ್ವಾಗತ ಆಗಲೇ ಆಗಿದೆ! ಇನ್ನೊಂದು ಕೋಡನ್ನು ಅವರು ಸ್ಕ್ಯಾನ್ ಮಾಡುವುದಿಲ್ಲ. ಪಕ್ಕದಲ್ಲಿದ್ದವರಿಗೂ 'ಏನೂ ಇಲ್ಲ ಬಿಡು ಅದರಲ್ಲಿ' ಎನ್ನುತ್ತಾರೆ.

ಅದೇ ಲೇಬಲ್ಲಿನ ಮೇಲೆ 'ಈ ಗಿಡಕ್ಕೆ ಎಷ್ಟು ಬಿಸಿಲು, ಎಷ್ಟು ನೀರು? ಸ್ಕ್ಯಾನ್ ಮಾಡಿ' ಎಂದು ಬರೆದು, ಆ ಒಂದು ಗಿಡದ ಪುಟಕ್ಕೇ ಕರೆದುಕೊಂಡು ಹೋಗಿ. ಮೇಲೆ ಮೂರು ಸಾಲು: ಬಿಸಿಲು, ನೀರು, ಮಣ್ಣು. ಕೆಳಗೆ ಎಲೆ ಹಳದಿಯಾದರೆ ಏನು ಮಾಡಬೇಕು, ಕುಂಡ ಯಾವಾಗ ಬದಲಿಸಬೇಕು. ಕೊನೆಯಲ್ಲಿ ನಿಮಗೆ ಫೋಟೋ ಕಳಿಸಿ ಕೇಳುವ ಒಂದು ಬಟನ್. ಇದರಲ್ಲಿ ಇನ್ನೊಂದು ಲಾಭವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಲೇಬಲ್ಲು ಗಿಡದ ಜೊತೆ ಮನೆಗೆ ಹೋಗುತ್ತದೆ. ಎರಡು ತಿಂಗಳು ಕಳೆದು ಎಲೆ ಬಾಡಿದಾಗ ಅವರು ಮತ್ತೆ ಅದನ್ನೇ ಸ್ಕ್ಯಾನ್ ಮಾಡುತ್ತಾರೆ. ಗೊಬ್ಬರವೋ ದೊಡ್ಡ ಕುಂಡವೋ ಬೇಕಾಗಿರುವುದು ಸರಿಯಾಗಿ ಆಗಲೇ. ಪೋಸ್ಟರಿಗೆ ಈ ಭಾಗ್ಯ ಇಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಉಳಿದ ಮೂರನ್ನೂ ಆಮೇಲೆ ನೋಡಿಕೊಂಡು ಮೊದಲು ಲೇಬಲ್ಲನ್ನು ಸರಿ ಮಾಡುತ್ತಿದ್ದೆ. ನೂರು ಗಿಡಕ್ಕೂ ಪುಟ ಬರೆಯಬೇಕಾ ಅಂತ ಹೆದರಬೇಡಿ. ಜಾಸ್ತಿ ಮಾರಾಟವಾಗುವ ಹತ್ತು ಗಿಡ ಸಾಕು.

ಗೇಟಿನ ಬೋರ್ಡು ಓದುವವರದು ಬೇರೆ ಕಥೆ. ಸಂಜೆ ಬಂದರು, ಗೇಟು ಹಾಕಿದೆ. ಅವರಿಗೆ ಬೇಕಾದದ್ದು ನಾಳೆ ಎಷ್ಟು ಗಂಟೆಗೆ ತೆಗೆಯುತ್ತೀರಿ, ಫೋನ್ ನಂಬರ್ ಏನು, ಬೇಕಾದ ಗಿಡ ಇದೆಯಾ. ಸಮಯ ಮತ್ತು ನಂಬರ್ ಬೋರ್ಡಿನ ಮೇಲೇ ದಪ್ಪಕ್ಷರದಲ್ಲಿ ಬರೆಸಿ, ಅದಕ್ಕೆ ಕೋಡ್ ಯಾಕೆ? ಕೋಡ್ ಈಗ ಯಾವ್ಯಾವ ಗಿಡ ಸಿಗುತ್ತದೆ ಅನ್ನುವ ಪಟ್ಟಿಗೆ ಹೋಗಲಿ. ಕಾರ್ಡಿನ ಕೋಡ್ ನಿಮ್ಮ ನಂಬರನ್ನು ನೇರವಾಗಿ ಅವರ ಫೋನಿನಲ್ಲಿ ಸೇವ್ ಮಾಡುವ ಹಾಗಿರಲಿ, ಅದಕ್ಕೆ ಇಂಟರ್ನೆಟ್ಟೂ ಬೇಡ. ಹೆಸರು, ನಂಬರ್ ಎರಡೇ ಹಾಕಿ. ವಿಳಾಸ, ಮೇಲ್ ಎಲ್ಲ ತುಂಬಿಸಿದರೆ ಕೋಡ್ ಇಟ್ಟಿಗೆಯ ಹಾಗೆ ದಟ್ಟವಾಗುತ್ತದೆ.

ಇನ್‌ಸ್ಟಾಗ್ರಾಂ ಪೋಸ್ಟಿನಿಂದ ಕೋಡ್ ತೆಗೆದುಬಿಡಿ. ಅದನ್ನು ನೋಡುತ್ತಿರುವುದೇ ಫೋನಿನಲ್ಲಿ, ಸ್ಕ್ಯಾನ್ ಮಾಡಲು ಇನ್ನೊಂದು ಫೋನ್ ಎಲ್ಲಿಂದ ತರುತ್ತಾರೆ? ಅಲ್ಲಿ ಬೇಕಿರುವುದು ಬೆರಳಲ್ಲಿ ಒತ್ತುವ ಲಿಂಕ್.

ಕೋಡಿನ ಮೇಲೆ ಏನೂ ಬರೆಯದೆ ಬಿಟ್ಟರೆ ಜನ ಕುತೂಹಲಕ್ಕೆ ಸ್ಕ್ಯಾನ್ ಮಾಡುತ್ತಾರೆ ಎಂದು ಕೆಲವು ಡಿಸೈನರುಗಳು ಹೇಳುತ್ತಾರೆ. ಅವರ ತಲೆಯಲ್ಲಿ ಇರುವುದು ಕಾಯಿನ್‌ಬೇಸ್ ಎಂಬ ಕ್ರಿಪ್ಟೋ ಕಂಪನಿಯ ಜಾಹೀರಾತು. 2022ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಫುಟ್‌ಬಾಲ್ ಫೈನಲ್ ಪಂದ್ಯದ ನಡುವೆ ಅವರು ಒಂದು ನಿಮಿಷ ಟಿವಿಯಲ್ಲಿ ಬರೀ ಬಣ್ಣ ಬದಲಿಸುತ್ತ ಓಡಾಡುವ ಕೋಡ್ ತೋರಿಸಿದರು. ಒಂದೇ ನಿಮಿಷದಲ್ಲಿ 2 ಕೋಟಿಗೂ ಹೆಚ್ಚು ಹಿಟ್ ಬಂತು ಎಂದು ಕಂಪನಿಯೇ ಹೇಳಿಕೊಂಡಿತು, ಆ ಭಾರಕ್ಕೆ ಅವರ ಆ್ಯಪ್ ಕೆಲ ಹೊತ್ತು ಕುಸಿದು ಕೂತಿತು. ಅದು ದೇಶಕ್ಕೆ ದೇಶವೇ ಟಿವಿ ಮುಂದೆ ಕೂತ ದಿನ, ಫೋನ್ ಎಲ್ಲರ ಕೈಯಲ್ಲೇ ಇತ್ತು. ನಿಮ್ಮ ಗೇಟಿನ ಮುಂದೆ ಆ ಲೆಕ್ಕ ನಡೆಯುವುದಿಲ್ಲ. ಇನ್ನೊಂದು ವಿಷಯ, ಹಣ ಕಟ್ಟುವ ಕೋಡುಗಳನ್ನು ದಿನಾ ನೋಡಿ ಅಭ್ಯಾಸವಾದವರಿಗೆ ಬರೀ ಕೋಡ್ ಕಂಡರೆ 'ಇಲ್ಲಿ ದುಡ್ಡು ಕೊಡಬೇಕೇನೋ' ಅನ್ನಿಸುತ್ತದೆ. ಸ್ಕ್ಯಾನ್ ಮಾಡಿದರೆ ಏನು ಸಿಗುತ್ತದೆ ಅಂತ ಆರೇಳು ಪದಗಳಲ್ಲಿ ಮೇಲೆಯೇ ಬರೆದುಬಿಡಿ. ಕೆಳಗೆ ಚಿಕ್ಕ ಲಿಂಕನ್ನು ಅಕ್ಷರದಲ್ಲೂ ಹಾಕಿ, ಸ್ಕ್ಯಾನ್ ಆಗದವರು ಟೈಪ್ ಮಾಡಲಿ.

ಈಗ ಸೈಜು. ನಿಮ್ಮ ಲೇಬಲ್ಲಿನ ಕೋಡ್ ಹಲವು ಫೋನುಗಳಲ್ಲಿ ಓದಲೇ ಆಗುತ್ತಿಲ್ಲ ಎಂಬ ಗುಮಾನಿ ನನಗಿದೆ.

ಕೋಡಿನಲ್ಲಿ ಅತಿ ಚಿಕ್ಕದಕ್ಕೆ ಒಂದು ಸಾಲಿಗೆ 21 ಮನೆ (ಪುಟ್ಟ ಚೌಕ), ಅತಿ ದೊಡ್ಡದಕ್ಕೆ 177. ಲಿಂಕ್ ಉದ್ದ ಆದಷ್ಟೂ ಮನೆಗಳು ಜಾಸ್ತಿ, ಒಂದೊಂದು ಮನೆಯೂ ಸಣ್ಣ. ಉದಾಹರಣೆಗೆ 25 ಅಕ್ಷರದ ಲಿಂಕ್ ಸಾಧಾರಣ ಸೆಟ್ಟಿಂಗಿನಲ್ಲಿ 25 ಮನೆಯ ಕೋಡಿನಲ್ಲಿ ಕೂರುತ್ತದೆ. 150 ಅಕ್ಷರದ ಲಿಂಕಿಗೆ 49 ಮನೆ ಬೇಕು. ಎರಡನ್ನೂ 2 ಸೆಂಟಿಮೀಟರಿನ ಚೌಕದಲ್ಲಿ ಪ್ರಿಂಟ್ ಮಾಡಿದರೆ ಮೊದಲನೆಯದರಲ್ಲಿ ಒಂದು ಮನೆ 0.8 ಮಿಲಿಮೀಟರ್, ಎರಡನೆಯದರಲ್ಲಿ 0.4. ಅರ್ಧಕ್ಕರ್ಧ ಹೋಯಿತು! ಹಳೆಯ ಫೋನು, ಒದ್ದೆ ಲೇಬಲ್ಲು, ನಡುಗುವ ಕೈ, ಇಷ್ಟು ಸೇರಿದರೆ ಆ 0.4 ಸಾಲುವುದಿಲ್ಲ. ಚಿಕ್ಕ ಲಿಂಕ್ ಮಾಡಿ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಒಂದು ಚಿಕ್ಕ ಚಮತ್ಕಾರ ಹೇಳಿಕೊಡುತ್ತೇನೆ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಚುಕ್ಕೆ, ಓರೆಗೆರೆಯಂಥ ಕೆಲವೇ ಚಿಹ್ನೆಗಳು ಮಾತ್ರ ಇದ್ದರೆ ಕೋಡ್ ಅವನ್ನು ಇನ್ನೂ ಒತ್ತಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಇಡೀ ಲಿಂಕನ್ನು ದೊಡ್ಡಕ್ಷರದಲ್ಲೇ ಕೊಟ್ಟು ಕೋಡ್ ಮಾಡಿದರೆ ಕೋಡ್ ಚಿಕ್ಕದಾಗಬಹುದು. ಡೊಮೇನ್ ಹೆಸರಿಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಆದರೆ ಓರೆಗೆರೆಯ ಆಚೆಗಿನ ಭಾಗಕ್ಕೆ ಹಲವು ಸರ್ವರುಗಳಲ್ಲಿ ಹಾಗಲ್ಲ. ಅದನ್ನೂ ದೊಡ್ಡಕ್ಷರದಲ್ಲೇ ಸೆಟ್ ಮಾಡಿಸಿಕೊಳ್ಳಬೇಕು.

ದೂರಕ್ಕೊಂದು ಅಂದಾಜು ಲೆಕ್ಕವಿದೆ: ನಿಲ್ಲುವ ದೂರದ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು. ಗೇಟಿನ ಬೋರ್ಡಿನಿಂದ 2 ಮೀಟರ್ ದೂರ ನಿಲ್ಲುತ್ತಾರೆ ಎಂದರೆ ಕೋಡ್ 20 ಸೆಂಟಿಮೀಟರ್ ಇರಲಿ. ಕೈಯಲ್ಲಿ ಹಿಡಿಯುವ ಲೇಬಲ್ಲಿಗೆ 2 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬೇಡಿ. ಎತ್ತರವೂ ಮುಖ್ಯ. ಒಮ್ಮೆ ಒಂದು ಪ್ರದರ್ಶನಕ್ಕೆ ನಾನೇ ಡಿಸೈನ್ ಮಾಡಿಸಿದ ಆಳೆತ್ತರದ ಸ್ಟ್ಯಾಂಡಿಯಲ್ಲಿ ಕೋಡನ್ನು ತೀರಾ ಕೆಳಗೆ ಇಟ್ಟಿದ್ದೆ. ಕಂಪ್ಯೂಟರಿನಲ್ಲಿ ಬಹಳ ಅಂದವಾಗಿ ಕಾಣುತ್ತಿತ್ತು. ಅಲ್ಲಿ ಹೋಗಿ ನೋಡಿದರೆ ಕೋಡ್ ಮೊಣಕಾಲಿನ ಹತ್ತಿರ ಬಂದಿದೆ, ಎದುರಿಗೆ ಇಟ್ಟ ಮೇಜು ಅದರ ಅರ್ಧ ಮುಚ್ಚಿದೆ. ಒಬ್ಬರು ಬಗ್ಗಿ, ಮೇಜಿನ ಸಂದಿಯಲ್ಲಿ ಫೋನ್ ತೂರಿಸಿ, ಸಾಕಾಗಿ ಎದ್ದು ಹೋದರು. ಅವತ್ತಿನಿಂದ ಎದೆಯ ಮಟ್ಟಕ್ಕಿಂತ ಕೆಳಗೆ ಕೋಡ್ ಇಡುವುದಿಲ್ಲ.

ನಿಮ್ಮ ಹಸಿರು ಬಣ್ಣ ಮತ್ತು ಲೋಗೋ. ಬಿಳಿಯ ಮೇಲೆ ಕಡು ಹಸಿರಾದರೆ ತೊಂದರೆ ಇಲ್ಲ. ಗಿಳಿ ಹಸಿರಾದರೆ ಬೇಡ. ಕಡು ಹಿನ್ನೆಲೆಯ ಮೇಲೆ ಬಿಳಿ ಕೋಡ್ ಅಂತೂ ಬೇಡವೇ ಬೇಡ, ಕೆಲವು ಸ್ಕ್ಯಾನರುಗಳು ಅದನ್ನು ಓದುವುದೇ ಇಲ್ಲ. ಲೋಗೋ ಅಂದರೆ ಕೋಡಿನ ಲೆಕ್ಕದಲ್ಲಿ ಕಲೆ ಬಿದ್ದ ಹಾಗೆ. ಕಲೆ ಬಿದ್ದರೂ ಓದುವುದಕ್ಕೆ ಅದರಲ್ಲಿ ನಾಲ್ಕು ಮಟ್ಟ ಇವೆ: ಎಲ್, ಎಂ, ಕ್ಯೂ, ಎಚ್. ಸುಮಾರು 7, 15, 25, 30 ಶೇಕಡಾ ಹಾಳಾದರೂ ಸರಿಪಡಿಸಿಕೊಳ್ಳುತ್ತದೆ. ಲೋಗೋ ಇಟ್ಟರೆ ಎಚ್ ಬೇಕು. ಆದರೆ ಎಚ್ ಹಾಕಿದರೆ ಮನೆಗಳು ಹೆಚ್ಚುತ್ತವೆ, ಅದೇ 25 ಅಕ್ಷರದ ಲಿಂಕಿಗೆ 25ರ ಬದಲು 33 ಮನೆ. ನರ್ಸರಿಯ ಲೇಬಲ್ಲಿಗೆ ಮಣ್ಣು, ನೀರು, ಗೀರು ಎಲ್ಲ ಆಗುತ್ತದೆ. ಸರಿಪಡಿಸುವ ಶಕ್ತಿಯನ್ನು ಅದಕ್ಕೆ ಉಳಿಸಿಕೊಳ್ಳಿ, ಲೋಗೋಗೆ ಖರ್ಚು ಮಾಡಬೇಡಿ. ಲೋಗೋ ಪಕ್ಕದಲ್ಲಿ ಇರಲಿ, ಯಾರು ಬೇಡ ಅಂದರು?

ಸುತ್ತಲೂ ನಾಲ್ಕು ಮನೆಯಷ್ಟು ಖಾಲಿ ಜಾಗ ಬಿಡಿಸಿ. ಪ್ರೆಸ್ಸಿನವರು ಜಾಗ ಉಳಿಸುವುದಕ್ಕೆ ಮೊದಲು ಕತ್ತರಿಸುವುದು ಇದನ್ನೇ. ಅವರಿಗೆ ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ) ಅಥವಾ ಪಿಡಿಎಫ್ ಫೈಲ್ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಜೆಪಿಜಿಯನ್ನು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ. ಲೇಬಲ್ಲನ್ನು ದುಂಡು ಕುಂಡಕ್ಕೆ ಸುತ್ತಿ ಅಂಟಿಸಿದರೆ ಕೋಡಿನ ಎರಡು ಬದಿಗಳು ಬಾಗಿ ಮರೆಯಾಗುತ್ತವೆ, ಮಣ್ಣಿಗೆ ಚುಚ್ಚುವ ಚಪ್ಪಟೆ ಕಡ್ಡಿಯ ಮೇಲೆ ಹಾಕಿ. ಬಿಲ್ ಪ್ರಿಂಟರಿನಂಥ ಶಾಖದ ಕಾಗದ ಬೇಡ, ಬಿಸಿಲಿಗೆ ಬಣ್ಣ ಹೋಗುತ್ತದೆ. ರಿಬ್ಬನ್ ಹಾಕುವ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಲೇಬಲ್ ಮಾಡಿಸಿ. ಹೊಳೆಯುವ ಲ್ಯಾಮಿನೇಶನ್ನೂ ಬೇಡ, ಮಧ್ಯಾಹ್ನ ಕನ್ನಡಿಯ ಹಾಗೆ ಮಿಂಚುತ್ತದೆ. ಸಾವಿರ ಹಾಕಿಸುವ ಮೊದಲು ಒಂದೇ ಒಂದು ಹಾಕಿಸಿ, ನೀರು ಚಿಮುಕಿಸಿ, ಬಿಸಿಲಲ್ಲಿ ಇಟ್ಟು, ಮನೆಯಲ್ಲಿ ಸಿಗುವ ಅತಿ ಹಳೆಯ ಫೋನಿನಲ್ಲಿ ಸ್ಕ್ಯಾನ್ ಮಾಡಿ. ಐಫೋನಿನ ಕ್ಯಾಮೆರಾ ತಾನೇ ಕೋಡ್ ಓದಲು ಶುರುಮಾಡಿದ್ದು 2017ರ ಐಒಎಸ್ 11ರಿಂದ. ಹಳೆಯ ಎಷ್ಟೋ ಫೋನುಗಳಿಗೆ ಬೇರೆ ಆ್ಯಪ್ ಬೇಕು.

ತೆರೆಯುವ ಪುಟ ಹಗುರವಾಗಿರಲಿ. ಪಿಡಿಎಫ್ ಕ್ಯಾಟಲಾಗಿಗೆ ಲಿಂಕ್ ಕೊಡಬೇಡಿ. ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುವ ತಾಳ್ಮೆ ಯಾರಿಗಿದೆ?

ವ್ಯಾಪಾರ ಹೆಚ್ಚುತ್ತದಾ ಅಂತ ಕೇಳಿದಿರಿ. ನಾನು ಹೌದು ಅನ್ನುವುದಿಲ್ಲ, ನಿಮ್ಮ ಲೆಕ್ಕವೇ ಹೇಳಲಿ. ಒಂದೊಂದು ಜಾಗಕ್ಕೂ ಬೇರೆ ಬೇರೆ ಚಿಕ್ಕ ಲಿಂಕ್ ಮಾಡಿದ್ದೀರಲ್ಲ, ಅದು ತಿರುಗಿಸುವ ವಿಳಾಸದ ಬಾಲಕ್ಕೆ ಯುಟಿಎಂ ಗುರುತು, ಅಂದರೆ ಗಿರಾಕಿ ಎಲ್ಲಿಂದ ಬಂದರು ಎಂದು ಹೇಳುವ ಪದಗಳನ್ನು ಸೇರಿಸಿ. ಗೇಟಿನಿಂದ ಎಷ್ಟು, ಲೇಬಲ್ಲಿನಿಂದ ಎಷ್ಟು ಎಂದು ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಬೇರೆ ಬೇರೆಯಾಗಿ ತೋರಿಸುತ್ತದೆ. ಆ ಬಾಲವನ್ನು ಕೋಡಿನ ಒಳಗೇ ತುಂಬಿಸಬೇಡಿ, ಕೋಡ್ ಮತ್ತೆ ದಟ್ಟವಾಗುತ್ತದೆ. ಸ್ಕ್ಯಾನಿನ ಸಂಖ್ಯೆಗಿಂತ ಜಾಸ್ತಿ ನೋಡಬೇಕಾದದ್ದು ಆ ಪುಟದಿಂದ ನಿಮಗೆ ಎಷ್ಟು ಫೋನ್, ಎಷ್ಟು ಮೆಸೇಜ್ ಬಂತು ಎಂಬುದನ್ನು. ನೂರು ಜನ ಸ್ಕ್ಯಾನ್ ಮಾಡಿ ಒಬ್ಬರೂ ಕರೆ ಮಾಡದಿದ್ದರೆ ಕೋಡ್ ಸರಿ ಇದೆ, ಪುಟ ಸರಿ ಇಲ್ಲ. ಸ್ಕ್ಯಾನೇ ಆಗದಿದ್ದರೆ ಮೇಲಿನ ಮಾತು, ಜಾಗ, ಸೈಜು ಇವುಗಳಲ್ಲಿ ಎಲ್ಲೋ ತಪ್ಪಿದೆ.

ಕೊನೆಗೆ ಒಂದು ಎಚ್ಚರಿಕೆ, ಗೇಟಿನ ಬೋರ್ಡಿಗೆ. ಅಮೆರಿಕದ ಟೆಕ್ಸಸ್‌ನಲ್ಲಿ ಪಾರ್ಕಿಂಗ್ ಮೀಟರುಗಳ ಮೇಲೆ ಕಳ್ಳರು ನಕಲಿ ಕೋಡ್ ಸ್ಟಿಕ್ಕರ್ ಅಂಟಿಸಿ ಜನರ ಹಣ ಎಳೆಯಲು ನೋಡಿದ್ದರು. 2022ರ ಜನವರಿಯಲ್ಲಿ ಎಫ್‌ಬಿಐ ಇಂಥ ಮೋಸದ ಬಗ್ಗೆ ಎಚ್ಚರಿಕೆ ಕೊಟ್ಟಿತು. ರಸ್ತೆಗೆ ಮುಖ ಮಾಡಿದ ಯಾವ ಕೋಡಿಗೂ ಇದು ಆಗಬಹುದು. ಕೋಡನ್ನು ಸ್ಟಿಕ್ಕರ್ ಮಾಡದೆ ಬೋರ್ಡಿನ ಜೊತೆಯೇ ಪ್ರಿಂಟ್ ಹಾಕಿಸಿ. ಬೆಳಿಗ್ಗೆ ಗೇಟ್ ತೆಗೆಯುವಾಗ ಅದರ ಮೇಲೆ ಒಮ್ಮೆ ಬೆರಳಾಡಿಸಿ. ಅಂಚು ಕೈಗೆ ತಾಗಿದರೆ ಕಿತ್ತು ನೋಡಿ, ಕೆಳಗೆ ನಿಮ್ಮದಿರುತ್ತದೆ.